ಎರೆಭೂಮಿಯ ಮಳೆಗಾಲಕ್ಕೆ ರಿಯಾಯಿತಿಯ ಗಂಬೂಟು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಮಿರ್ಗ (ಮೃಗಶಿರಾ) ಮಳೆ ಹತ್ತಿರ ಬಂದಂತೆ ನಮ್ಮ ಕಡೆಯ ತಾಲ್ಲೂಕು ಪೇಟೆಗಳಲ್ಲಿ ಬೀಜ, ಗೊಬ್ಬರ, ಹಗ್ಗ, ತಾಡಪತ್ರಿ ಮಾರುವ ಅಂಗಡಿಗಳ ಮುಂದೆ ಗಂಬೂಟುಗಳು ಜೋಡಿ ಜೋಡಿಯಾಗಿ ಸುತಳಿಯಲ್ಲಿ ತೂಗಾಡತೊಡಗುತ್ತವೆ. ಒಂದರ ಮೇಲೆ 30 ಪರ್ಸೆಂಟ್ ಕಡಿತ ಎಂದಿರುತ್ತದೆ, ಇನ್ನೊಂದರ ಮೇಲೆ ಅರ್ಧ ಬೆಲೆ ಎಂದು ರಟ್ಟಿನ ಚೀಟಿ ಕಟ್ಟಿರುತ್ತಾರೆ. ಜೇವರ್ಗಿಯ ಅಂಗಡಿಯಲ್ಲಿಯೂ ಶಹಾಪುರದ ಅಂಗಡಿಯಲ್ಲಿಯೂ ಭಾಲ್ಕಿಯ ಅಂಗಡಿಯಲ್ಲಿಯೂ ಹೆಚ್ಚುಕಡಿಮೆ ಅವೇ ಬೂಟುಗಳು ತೂಗುತ್ತಿರುತ್ತವೆ. ಆದರೆ ಈ ಮೂರು ಊರುಗಳ ನೆಲ ಒಂದೇ ಅಲ್ಲ, ಅಲ್ಲಿ ಮಳೆಯಲ್ಲಿ ನಡೆಯುವ ಕೆಲಸವೂ ಒಂದೇ ಅಲ್ಲ. ರಿಯಾಯಿತಿಯ ಪ್ರಮಾಣವನ್ನು ನೋಡಿ ಬೂಟು ಆರಿಸುವುದಕ್ಕಿಂತ, ನಾವು ನಿಲ್ಲುವ ನೆಲವನ್ನು ಮತ್ತು ಬೂಟು ತಯಾರಾದ ತಿಂಗಳನ್ನು ನೋಡಿ ಆರಿಸಿದರೆ ಹಣವೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ ಎಂಬುದು ನನ್ನ ಅನುಭವ.

ಕೆಲವು ವರ್ಷಗಳ ಹಿಂದೆ ನಾನು 700 ರೂಪಾಯಿ ಎಂ.ಆರ್.ಪಿ. ಇದ್ದ, ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಗಂಬೂಟನ್ನು ಒಂದು ಅಂಗಡಿಯಲ್ಲಿ 350 ರೂಪಾಯಿಗೆ ತಂದಿದ್ದೆ. ನೋಡಲು ಹೊಸದಾಗಿ ಮಿರಮಿರ ಮಿಂಚುತ್ತಿತ್ತು. ಹೆಸರಿನ ಹೊಲದಲ್ಲಿ ಕಳೆ ತೆಗೆಸುವ ಕೆಲಸ ನಡೆದಿದ್ದ ಮೂರನೆಯ ವಾರಕ್ಕೆ ಬಲಗಾಲಿನ ಬೂಟು, ಬೆರಳುಗಳ ಹಿಂದೆ ಪಾದ ಮಡಚುವ ಜಾಗದಲ್ಲಿ, ಕೂದಲೆಳೆಯಷ್ಟು ಸೀಳಿಕೊಂಡಿತು. ಮೊದಲು ಕಾಲ್ಚೀಲದ ತುದಿ ಮಾತ್ರ ಒದ್ದೆಯಾಗುತ್ತಿತ್ತು. ಎಂಟು ದಿನ ಕಳೆಯುವಷ್ಟರಲ್ಲಿ ಆ ಸೀಳು ಎರಡು ಬೆರಳು ಅಗಲವಾಯಿತು. ಮನೆಯಲ್ಲಿ ಬಿದ್ದಿದ್ದ ಡಬ್ಬಿಯನ್ನು ಹುಡುಕಿ ನೋಡಿದಾಗ ತಯಾರಾದ ತಿಂಗಳು ಮತ್ತು ವರ್ಷ ಅದರ ಮೇಲೆ ಸ್ಪಷ್ಟವಾಗಿಯೇ ಅಚ್ಚಾಗಿತ್ತು. ನಾನು ಕೊಂಡುಕೊಳ್ಳುವಾಗ ಆ ಬೂಟಿಗೆ ನಾಲ್ಕು ವರ್ಷ ತುಂಬಿತ್ತು. ಅಂದರೆ ನಾಲ್ಕು ಬೇಸಿಗೆಗಳನ್ನು ಅದು ತಗಡಿನ ಮಾಡಿನ ಕೆಳಗೆ ಕಳೆದಿತ್ತು, ಮತ್ತು ಕಲಬುರಗಿಯ ಬೇಸಿಗೆಯೆಂದರೆ 40 ಡಿಗ್ರಿ ದಾಟುವುದು ವಿಶೇಷವೇನೂ ಅಲ್ಲ.

ಇದು ಏಕೆ ಮುಖ್ಯವೆಂದರೆ, ಪಿವಿಸಿ ತಾನಾಗಿಯೇ ಮೆತ್ತಗಿರುವ ವಸ್ತುವಲ್ಲ. ನೀರಿನ ಪೈಪು ಕೂಡ ಪಿವಿಸಿಯೇ. ಅದರೊಳಗೆ ಎಣ್ಣೆಯಂಥ ಮೃದುಗೊಳಿಸುವ ದ್ರವವನ್ನು ಬೆರೆಸಿದಾಗ ಮಾತ್ರ ಅದು ಬೂಟಾಗಿ ಬಾಗುತ್ತದೆ. ಕಾಲ ಕಳೆದಂತೆ, ಅದರಲ್ಲಿಯೂ ಕಾವಿನಲ್ಲಿ ಇಟ್ಟಾಗ, ಆ ದ್ರವ ಮೆಲ್ಲಮೆಲ್ಲನೆ ಹೊರಗೆ ಹೋಗುತ್ತದೆ. ಬೂಟು ನೋಡಲು ಹೊಸದಾಗಿಯೇ ಇದ್ದರೂ ಒಳಗಿನಿಂದ ಬಿರುಸಾಗಿರುತ್ತದೆ. ಕೊಳ್ಳುವ ಮುಂಚೆ ಇದನ್ನು ಕೈಯಲ್ಲಿಯೇ ಪರೀಕ್ಷಿಸಬಹುದು. ಬೆರಳುಗಳ ಭಾಗವನ್ನು ಹಿಮ್ಮಡಿಯ ಕಡೆಗೆ ಬಲವಾಗಿ ಮಡಚಿ ಹತ್ತು ಎಣಿಸುವವರೆಗೆ ಹಿಡಿದಿರಬೇಕು. ಮಡಿಕೆಯಲ್ಲಿ ಬಿಳಿ ಗೆರೆ ಮೂಡಿ, ಬಿಟ್ಟ ಮೇಲೂ ಅದು ಮಾಸದೆ ಉಳಿದರೆ, ಅಂಥ ಬೂಟನ್ನು ಕಾಲು ಬೆಲೆಗೆ ಕೊಟ್ಟರೂ ತೆಗೆದುಕೊಳ್ಳಬಾರದು. ಒಳ್ಳೆಯ ಪಿವಿಸಿಯು ಬಿಟ್ಟ ಕೂಡಲೇ ಮೊದಲಿನ ಆಕಾರಕ್ಕೆ ಬರುತ್ತದೆ.

ರಬ್ಬರಿನ ಗಂಬೂಟಿನ ವಿಷಯ ಇದಕ್ಕೆ ಬಹುಮಟ್ಟಿಗೆ ವಿರುದ್ಧ. ನೈಸರ್ಗಿಕ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದಾಗ ಅದು ಬಿಸಿಲಿಗೆ ಅಂಟಾಗದೆ, ಚಳಿಗೆ ಬಿರುಸಾಗದೆ ಉಳಿಯುತ್ತದೆ ಎಂಬುದನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಇಂದಿನ ರಬ್ಬರ್ ಬೂಟುಗಳೆಲ್ಲ ಆ ವಿಧಾನದ ಮೇಲೆಯೇ ನಿಂತಿವೆ. ಪಿವಿಸಿ ಬೂಟನ್ನು ಅಚ್ಚಿನಲ್ಲಿ ಸುರಿದು ಒಂದೇ ತುಂಡಾಗಿ ತೆಗೆಯುತ್ತಾರೆ. ರಬ್ಬರ್ ಬೂಟನ್ನು ಸಾಮಾನ್ಯವಾಗಿ ಬಟ್ಟೆಯ ಅಸ್ತರಿನ ಮೇಲೆ ಹಾಳೆ ಹಾಳೆಯಾಗಿ ಕೂಡಿಸಿ ಬೇಯಿಸುತ್ತಾರೆ. ಆದ್ದರಿಂದಲೇ ಅದರ ಬೆಲೆ ಹೆಚ್ಚು, ತೂಕವೂ ತುಸು ಹೆಚ್ಚು, ಆದರೆ ಪಾದ ಮಡಚುವ ಜಾಗದಲ್ಲಿ ಅದು ಸಾವಿರ ಸಲ ಬಾಗಿದರೂ ಸುಲಭಕ್ಕೆ ಸೀಳುವುದಿಲ್ಲ. ಹಳೆಯ ರಬ್ಬರ್ ಬೂಟಿನ ಮೇಲೆ ಬೂದಿ ಬಣ್ಣದ ತೆಳು ಪುಡಿ ಕಾಣಿಸಿಕೊಳ್ಳುತ್ತದೆ. ರಬ್ಬರಿನೊಳಗೆ ಬೆರೆಸಿದ ಮೇಣವೋ ಗಂಧಕವೋ ಮೇಲೆದ್ದು ಬರುವುದರಿಂದ ಹಾಗಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಬೂಟಿಗೆ ಏನೂ ಆಗಿರುವುದಿಲ್ಲ. ಈ ಪುಡಿಯನ್ನು ಕಂಡು ಜನ ಬೂಟು ಹಾಳಾಗಿದೆಯೆಂದು ಬದಿಗಿಟ್ಟು, ಪಕ್ಕದಲ್ಲಿ ಮಿಂಚುತ್ತಿರುವ, ಒಳಗೆ ಜೀವವಿಲ್ಲದ ಪಿವಿಸಿಯನ್ನು ಆರಿಸಿಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಂಗಡಿಯವರು ಕೂಡ ಮಾಸಿದ ರಬ್ಬರ್ ಬೂಟಿಗೆ ಹೆಚ್ಚು ಕಡಿತ ಕೊಡುತ್ತಾರೆ. ರಿಯಾಯಿತಿಯಲ್ಲಿ ನಿಜವಾದ ಲಾಭ ಸಿಗುವ ಜಾಗ ಇದೇ. ಆದರೆ ಪುಡಿ ಬೇರೆ, ಬಿರುಕು ಬೇರೆ. ಹರಡಿನ ಹಿಂಭಾಗವನ್ನು ಎಳೆದು ನೋಡಿದಾಗ ಕೆರೆಯ ಒಣಗಿದ ತಳದಂತೆ ಸಣ್ಣ ಸಣ್ಣ ಸೀಳುಗಳು ಕಂಡರೆ, ಅದು ಬಿಸಿಲಿನಲ್ಲಿ ತೂಗಿ ಹಾಳಾದ ಬೂಟು. ಅಂಗಡಿಯ ಹೊರಗೆ ಸುತಳಿಗೆ ಕಟ್ಟಿದ ಜೋಡಿಯನ್ನು ಬಿಟ್ಟು, ಅದೇ ಮಾದರಿಯ ಇನ್ನೊಂದನ್ನು ಒಳಗಿನ ಡಬ್ಬಿಯಿಂದ ತೆಗೆಸಿ ಕೊಳ್ಳುವುದು ಇದೇ ಕಾರಣಕ್ಕೆ ಲೇಸು.

ಮಳೆಗಾಲದ ಲೆಕ್ಕವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಆ 350 ರೂಪಾಯಿಯ ಪಿವಿಸಿ ಬೂಟು ನನಗೆ ಒಂದು ಮಳೆಗಾಲವನ್ನೂ ಪೂರ್ತಿ ದಾಟಿಸಲಿಲ್ಲ. ಅದರ ಮುಂದಿನ ವರ್ಷ 850 ರೂಪಾಯಿ ಕೊಟ್ಟು ತಂದ ರಬ್ಬರಿನ ಜೋಡಿ ಮೂರು ಮಳೆಗಾಲ ಬಾಳಿತು, ಅಂದರೆ ವರ್ಷಕ್ಕೆ 283 ರೂಪಾಯಿಯ ಹತ್ತಿರ ಬಿತ್ತು.

ಹಾಗೆಂದು ಎಲ್ಲ ಕೆಲಸಕ್ಕೂ ರಬ್ಬರೇ ಮೇಲು ಎನ್ನಲು ಬರುವುದಿಲ್ಲ. ತೊಗರಿ ಹೂವಿಗೆ ಬಂದು ಕಾಯಿಕೊರಕದ ಕಾಟ ಶುರುವಾದ ಮೇಲೆ ಔಷಧ ಹೊಡೆಯುವ ಕೆಲಸ ಬರುತ್ತದೆ, ಮತ್ತು ಆ ಕೆಲಸಕ್ಕೆ ಪಿವಿಸಿಯೇ ವಾಸಿ. ಎಣ್ಣೆಯಂಶವಿರುವ ಔಷಧಗಳು, ಡೀಸೆಲ್, ಸೀಮೆಎಣ್ಣೆ ತಾಗಿದರೆ ನೈಸರ್ಗಿಕ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಒಳಗಿನ ಬಟ್ಟೆಯ ಅಸ್ತರು ಔಷಧವನ್ನು ಹೀರಿಕೊಂಡು ಮರುದಿನವೂ ಕಾಲಿಗೆ ತಾಗಿಸುತ್ತದೆ. ಅಸ್ತರಿಲ್ಲದ ಪಿವಿಸಿ ಬೂಟನ್ನು ಒಳಗೂ ಹೊರಗೂ ಸಾಬೂನು ನೀರಿನಿಂದ ತೊಳೆಯಬಹುದು. ಔಷಧ ಹೊಡೆಯುವಾಗ ಪ್ಯಾಂಟಿನ ತುದಿಯನ್ನು ಬೂಟಿನೊಳಗೆ ಸೇರಿಸದೆ ಬೂಟಿನ ಹೊರಗೆ ಇಳಿಬಿಡಬೇಕು. ಒಳಗೆ ಸೇರಿಸಿದರೆ ಬಟ್ಟೆಯ ಮೇಲೆ ಬಿದ್ದ ಹನಿಗಳೆಲ್ಲ ನೇರವಾಗಿ ಪಾದಕ್ಕೆ ಇಳಿಯುತ್ತವೆ. ಟ್ರ್ಯಾಕ್ಟರ್ ಮತ್ತು ಡೀಸೆಲ್ ಎಂಜಿನ್‌ನ ಹತ್ತಿರ ದಿನವಿಡೀ ಇರುವವರಿಗೂ ಪಿವಿಸಿಯನ್ನೇ ಹೇಳುತ್ತೇನೆ.

ಇತ್ತೀಚೆಗೆ ಇವಿಎ ಎಂಬ ವಸ್ತುವಿನ ಬೂಟುಗಳೂ ನಮ್ಮ ಪೇಟೆಗೆ ಬಂದಿವೆ. ಕೈಯಲ್ಲಿ ಹಿಡಿದರೆ ಅರಳೆಯಂತೆ ಹಗುರ. ಅಂಗಡಿಯಲ್ಲಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದವರಿಗೆ ಬೇರೆ ಯಾವುದೂ ಹಿಡಿಸುವುದಿಲ್ಲ. ದನದ ಕೊಟ್ಟಿಗೆ ತೊಳೆಯಲು, ಅಂಗಳದಲ್ಲಿ ಓಡಾಡಲು ಅದು ಒಳ್ಳೆಯದು. ಹೊಲಕ್ಕೆ ಮಾತ್ರ ಬೇಡ. ಅದು ನೊರೆಯಂಥ ವಸ್ತುವಾದ್ದರಿಂದ ಬಳ್ಳಾರಿ ಜಾಲಿಯ ಒಂದು ಮುಳ್ಳು ಅಟ್ಟೆಯನ್ನು ದಾಟಿ ಪಾದಕ್ಕೆ ಬರಲು ಒಂದೇ ಹೆಜ್ಜೆ ಸಾಕು. ನಮ್ಮ ಬದುಗಳ ಮೇಲೆ, ಹಳ್ಳದ ದಂಡೆಯಲ್ಲಿ ಜಾಲಿ ಇಲ್ಲದ ಜಾಗ ಯಾವುದಿದೆ? ಇನ್ನು ಪಾಲಿಯುರಿಥೇನ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ಕಿನ ಬೂಟು ಹಗುರವೂ ಹೌದು, ಗಟ್ಟಿಯೂ ಹೌದು, ಆದರೆ ದುಬಾರಿ. ಅದನ್ನು ಅರ್ಧ ಬೆಲೆಗೆ ಕೊಡುತ್ತಿದ್ದರೆ ತಯಾರಾದ ದಿನಾಂಕವನ್ನು ಎರಡು ಸಲ ನೋಡಬೇಕು, ಏಕೆಂದರೆ ಈ ವಸ್ತು ಗಾಳಿಯ ತೇವದಿಂದಲೇ, ಒಂದು ದಿನವೂ ಬಳಸದಿದ್ದರೂ, ವರ್ಷಗಳು ಕಳೆದಂತೆ ಒಳಗೊಳಗೇ ಒಡೆಯುತ್ತ ಹೋಗುತ್ತದೆ. ಕೊನೆಗೆ ಅಟ್ಟೆಯು ಹಳೆಯ ಬೆಲ್ಲದಂತೆ ಪುಡಿಪುಡಿಯಾಗಿ ಉದುರುತ್ತದೆ. ನಾಲ್ಕು ವರ್ಷದ ಹಳೆಯ ಪಾಲಿಯುರಿಥೇನ್ ಬೂಟಿಗೆ ನಾನು ಹಣ ಕೊಡುವುದಿಲ್ಲ.

ಇನ್ನು ನೆಲದ ವಿಷಯಕ್ಕೆ ಬರೋಣ. ಜೇವರ್ಗಿ, ಆಳಂದ, ಅಫಜಲಪುರ, ಚಿತ್ತಾಪುರದ ಕಡೆಯ ಎರೆಮಣ್ಣಿನಲ್ಲಿ ನೀರು ಕುಡಿದು ಉಬ್ಬುವ, ಒಣಗಿದಾಗ ಕೈ ಹೋಗುವಷ್ಟು ಬಿರಿಯುವ ಜೇಡಿಯ ಅಂಶವೇ ಹೆಚ್ಚು. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದಿರುವ ನಮ್ಮ ತೊಗರಿಯ ರುಚಿಗೆ ಈ ಮಣ್ಣು ಕಾರಣವೆಂದು ನಾವೆಲ್ಲ ಹೆಮ್ಮೆಪಡುತ್ತೇವೆ, ಮತ್ತು ಮಳೆಯಲ್ಲಿ ಕಾಲನ್ನು ಬಿಡದೆ ಹಿಡಿಯುವ ಮಣ್ಣೂ ಇದೇ. ಹಸಿ ಎರೆಯಲ್ಲಿ ಇಪ್ಪತ್ತು ಹೆಜ್ಜೆ ನಡೆದರೆ ಪ್ರತಿ ಬೂಟಿನ ಕೆಳಗೆ ರೊಟ್ಟಿಯ ಹಂಚಿನಷ್ಟು ಮಣ್ಣು ಮೆತ್ತಿಕೊಳ್ಳುತ್ತದೆ. ಎತ್ತಿದ ಕಾಲಿಗೆ ಬೂಟಿನ ತೂಕಕ್ಕಿಂತ ಮಣ್ಣಿನ ತೂಕವೇ ಹೆಚ್ಚಾಗುತ್ತದೆ. ಒಂದು ಸಲ ನಮ್ಮ ಕಾಕಾ ತಮ್ಮ ಅಳತೆಗಿಂತ ಒಂದು ನಂಬರು ದೊಡ್ಡದಾದ ಬೂಟು ಹಾಕಿಕೊಂಡು ತೊಗರಿ ಸಾಲಿನೊಳಗೆ ಹೋಗಿದ್ದರು. ಹೆಜ್ಜೆ ಎತ್ತಿದಾಗ ಬೂಟು ನೆಲದಲ್ಲಿಯೇ ನಿಂತು ಅವರು ಒಂಟಿ ಕಾಲ್ಚೀಲದಲ್ಲಿ ಕೆಸರಿಗಿಳಿದರು. "ಬೂಟು ಅಲ್ಲೇ ಉಳೀತು ನೋಡೋ ತಮ್ಮಾ, ಬರೇ ಕಾಲ್ ಬಂತು" ಎಂದು ಕೂಗಿದ ಅವರನ್ನು ನಾನು ರಟ್ಟೆ ಹಿಡಿದು ಬದುವಿಗೆ ತಂದೆ. ಆ ಜಗ್ಗಾಟದಲ್ಲಿ ಅವರ ಮೊಣಕಾಲು ತಿರುಚಿಕೊಂಡಿತು, ಹದಿನೈದು ದಿನ ಹೊಲದ ಮುಖ ನೋಡಲಾಗಲಿಲ್ಲ. ಅಂದಿನಿಂದ ನಾನು ಯಾರಿಗೂ ದೊಡ್ಡ ನಂಬರಿನ ಬೂಟು ಕೊಳ್ಳಲು ಬಿಡುವುದಿಲ್ಲ, ಎಷ್ಟೇ ಕಡಿತವಿದ್ದರೂ.

ಆದ್ದರಿಂದ ಎರೆಭೂಮಿಗೆ ಬೂಟು ಆರಿಸುವಾಗ ಮೊದಲು ನೋಡಬೇಕಾದದ್ದು ಹರಡಿನ ಹಿಡಿತ. ನೀವು ಹೊಲದಲ್ಲಿ ಹಾಕುವ ಕಾಲ್ಚೀಲವನ್ನೇ ಹಾಕಿಕೊಂಡು ಅಂಗಡಿಗೆ ಹೋಗಬೇಕು. ಬೂಟು ತೊಟ್ಟು ನಿಂತಾಗ ಬೆರಳುಗಳ ಮುಂದೆ ಹೆಬ್ಬೆರಳಿನ ಅರ್ಧದಷ್ಟು ಜಾಗವಿರಬೇಕು, ಆದರೆ ಹಿಮ್ಮಡಿ ಮೇಲೇಳಬಾರದು. ಇನ್ನೊಬ್ಬರಿಗೆ ಬೂಟಿನ ಮುಂಭಾಗವನ್ನು ಕಾಲಿನಿಂದ ಮೆಟ್ಟಿ ಹಿಡಿಯಲು ಹೇಳಿ, ನೀವು ಹೆಜ್ಜೆ ಎತ್ತಿ ನೋಡಿ. ಕಾಲು ಸಲೀಸಾಗಿ ಜಾರಿ ಮೇಲೆ ಬಂದರೆ ಆ ಬೂಟನ್ನು ಎರೆಮಣ್ಣು ಮೊದಲ ದಿನವೇ ಕಿತ್ತುಕೊಳ್ಳುತ್ತದೆ. ಎರಡನೆಯದು ಅಟ್ಟೆಯ ಹಲ್ಲು. ಟ್ರ್ಯಾಕ್ಟರಿನ ಹಿಂದಿನ ಟೈರಿನಂತೆ ಆಳವಾದ, ದೂರ ದೂರವಿರುವ ಹಲ್ಲುಗಳಿದ್ದರೆ ಮಣ್ಣು ತಾನಾಗಿಯೇ ಉದುರುತ್ತದೆ, ಕಾಲು ಝಾಡಿಸಿದರೆ ಸಾಕು. ಒತ್ತೊತ್ತಾಗಿ ಸಣ್ಣ ಗೆರೆಗಳಿರುವ ಅಟ್ಟೆಯಲ್ಲಿ ಮಣ್ಣು ಕಚ್ಚಿಕೊಂಡು ಹಲ್ಲೇ ಇಲ್ಲದಂತಾಗುತ್ತದೆ. ಎತ್ತರದ ವಿಷಯದಲ್ಲಿ, ನನ್ನ ಆಯ್ಕೆ ಮೀನಖಂಡದ ನಡುವಿನವರೆಗೆ ಬರುವ 11 ಅಥವಾ 12 ಇಂಚಿನ ಬೂಟು. ಮೊಣಕಾಲಿನವರೆಗಿನ ಬೂಟು ಎರೆಯಲ್ಲಿ ತೂಕ ಹೆಚ್ಚಿಸುತ್ತದೆ, ಬೆವರು ಹೆಚ್ಚಿಸುತ್ತದೆ, ಕುಳಿತು ಕಳೆ ತೆಗೆಯಲು ಅಡ್ಡಿಯಾಗುತ್ತದೆ.

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಡೆ ನಾರಾಯಣಪುರ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರಿಗೆ ಲೆಕ್ಕ ಬೇರೆಯಾಗುತ್ತದೆ. ಬದುವಿನ ಮೇಲೆ ನಡೆದು ನೀರು ಕಟ್ಟಲು, ಮಡೆ ತಿರುವಲು, ಕಾಲುವೆ ದಾಟಲು ಮೊಣಕಾಲೆತ್ತರದ ಬೂಟೇ ಬೇಕು. ಆದರೆ ಕಲಸಿದ ಕೆಸರಿನಲ್ಲಿ ನಾಟಿ ಹಚ್ಚುವವರಿಗೆ ಯಾವ ಗಂಬೂಟೂ ಒಗ್ಗುವುದಿಲ್ಲ. ಕೆಸರು ಅದನ್ನು ಹೀರಿ ಹಿಡಿಯುತ್ತದೆ. ನಾಟಿಯ ಕೆಲಸಕ್ಕೆಂದು ಬೂಟು ಕೊಳ್ಳಲು ಹೊರಟವರು ಆ ಹಣವನ್ನು ಉಳಿಸಿಕೊಳ್ಳಲಿ. ಬೀದರ್ ಜಿಲ್ಲೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಬಸಿದು ಹೋಗುತ್ತದೆ, ಕಾಲು ಹೂಳುವ ತೊಂದರೆ ಕಡಿಮೆ. ಆದರೆ ಹರಳು ಅಟ್ಟೆಯನ್ನು ಬೇಗ ತಿನ್ನುತ್ತದೆ. ಅಲ್ಲಿ ಶುಂಠಿ ಹೊಲದಲ್ಲಿಯೋ ಕಬ್ಬಿನ ಗದ್ದೆಯಲ್ಲಿಯೋ ಕೆಲಸ ಮಾಡುವವರು ಎತ್ತರಕ್ಕಿಂತ ಅಟ್ಟೆಯ ದಪ್ಪಕ್ಕೆ ಹಣ ಕೊಡಬೇಕು. ಕಬ್ಬಿನ ಕೂಳೆ ಚೂಪಾಗಿರುವುದರಿಂದ ತೆಳುವಾದ ಪಿವಿಸಿ ಕೂಡ ಅಲ್ಲಿ ನಡೆಯುವುದಿಲ್ಲ.

ಶಹಾಬಾದ, ಚಿತ್ತಾಪುರ, ಸೇಡಂ ಕಡೆಯ ಫರ್ಸಿ ಕಲ್ಲಿನ ಗಣಿಗಳಲ್ಲಿ ದುಡಿಯುವವರ ಮಾತೇ ಬೇರೆ. ನೀರು ಬಿದ್ದ ಫರ್ಸಿಯ ಮೇಲೆ ಬಿರುಸಾದ ಪಿವಿಸಿ ಅಟ್ಟೆ ಎಣ್ಣೆ ಸವರಿದಂತೆ ಜಾರುತ್ತದೆ. ಮೆತ್ತನೆಯ ರಬ್ಬರ್ ಅಟ್ಟೆ ಹಿಡಿದು ನಿಲ್ಲುತ್ತದೆ. ಅದರ ಜೊತೆಗೆ ಕಲ್ಲು ಬೀಳುವ ಅಪಾಯವಿರುವುದರಿಂದ ಬೆರಳುಗಳ ಮೇಲೆ ಉಕ್ಕಿನ ಟೋಪಿಯಿರುವ ಬೂಟೇ ಬೇಕು. ಐಎಸ್ಒ 20345 (ಸುರಕ್ಷಾ ಬೂಟಿನ ಅಂತರರಾಷ್ಟ್ರೀಯ ಮಾನದಂಡ) ಮತ್ತು ಎಸ್5 ಎಂಬ ಗುರುತಿರುವ ಬೂಟು ಎಂದರೆ 200 ಜೌಲ್‌ಗಳ ಹೊಡೆತವನ್ನು ತಡೆಯುವ ಬೆರಳು ರಕ್ಷೆ ಮತ್ತು ಮೊಳೆ ಚುಚ್ಚದ ನಡು ಅಟ್ಟೆ ಎರಡೂ ಇರುವ, ರಬ್ಬರಿನದೋ ಪಾಲಿಮರಿನದೋ ಆದ ಬೂಟು. ಉಕ್ಕಿನ ಟೋಪಿ ಇದೆಯೆಂದು ಬಾಯಿಮಾತಿನಲ್ಲಿ ಹೇಳಿ ಮಾರುವ, ಯಾವ ಗುರುತೂ ಇಲ್ಲದ ಅಗ್ಗದ ಬೂಟನ್ನು ಗಣಿಗೆ ಹಾಕಿಕೊಂಡು ಹೋಗಬೇಡಿ. ಹೊಲದ ಬೂಟಿಗೆ ಸಂಬಂಧಿಸಿದಂತೆ ನಮ್ಮ ದೇಶದ ಮಾನದಂಡಗಳಲ್ಲಿ ಎರಡು ಇವು: ರಬ್ಬರಿನ ಕೈಗಾರಿಕಾ ಬೂಟಿಗೆ ಐಎಸ್ 5557, ಪಿವಿಸಿ ಬೂಟಿಗೆ ಐಎಸ್ 12254. ಬೂಟಿನ ಮೇಲೆ ಐಎಸ್‌ಐ ಗುರುತಿನೊಡನೆ ಈ ಅಂಕಿ ಅಚ್ಚಾಗಿದ್ದರೆ, ಅದೇ ಬೆಲೆಯ ಗುರುತಿಲ್ಲದ ಬೂಟಿಗಿಂತ ನಾನು ಅದನ್ನೇ ಆರಿಸುತ್ತೇನೆ.

ಗಂಬೂಟು ಎಂದ ಕೂಡಲೇ ನಮ್ಮ ಜನ ಮೊದಲು ಕೇಳುವುದು ಹಾವಿನ ಬಗ್ಗೆ. ಅದು ಸಹಜವೇ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ, ಮತ್ತು ಅವುಗಳಲ್ಲಿ ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ತಿಂಗಳುಗಳಲ್ಲಿ ಆದವು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹೊಲದಲ್ಲಿ ಹಾವು ಕಚ್ಚುವುದು ಹೆಚ್ಚಾಗಿ ಪಾದಕ್ಕೆ ಮತ್ತು ಮೊಣಕಾಲಿನ ಕೆಳಗೆ. ಆದ್ದರಿಂದ ಮೀನಖಂಡ ಮುಚ್ಚುವ ದಪ್ಪ ಬೂಟು ದೊಡ್ಡ ರಕ್ಷಣೆಯೇ. ಆದರೆ ಕೊಳಕುಮಂಡಲದ ಹಲ್ಲು ಉದ್ದವಾಗಿರುತ್ತದೆ, ತೆಳುವಾದ ಇವಿಎಯನ್ನಾಗಲಿ ಸವೆದ ಪಿವಿಸಿಯನ್ನಾಗಲಿ ನಂಬಿ ಕಣಕಿಯ ಬಣಿವೆಯೊಳಗೆ ಕಾಲಿಡಬಾರದು. ಹಾವಿನ ಭಯ ಹೆಚ್ಚಿರುವ ಹೊಲಕ್ಕೆ, ರಾತ್ರಿ ನೀರು ಬಿಡಲು ಹೋಗುವವರಿಗೆ, ತೂಕ ಹೆಚ್ಚಾದರೂ ಅಸ್ತರುಳ್ಳ ಉದ್ದನೆಯ ರಬ್ಬರ್ ಬೂಟನ್ನೇ ಹೇಳುತ್ತೇನೆ. ಮೇಲೆ ಹೇಳಿದ 11 ಇಂಚಿನ ಸಲಹೆ ಹಗಲು ಹೊತ್ತಿನ ಕಳೆ ಕೆಲಸಕ್ಕೆ. ಕೈಯಲ್ಲಿ ಬ್ಯಾಟರಿ ಮತ್ತು ಬಡಿಗೆ ಇರಲೇಬೇಕು. ಕಚ್ಚಿದರೆ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ವಿಷಕ್ಕೆ ಮದ್ದಿರುವ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕೂಡಲೇ ಹೋಗಬೇಕು.

ಗಂಬೂಟಿನ ಬಗ್ಗೆ ಇರುವ ಎರಡು ತಪ್ಪು ನಂಬಿಕೆಗಳನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಅವು ಜೀವಕ್ಕೆ ಬರುತ್ತವೆ. ರಬ್ಬರ್ ಬೂಟು ಹಾಕಿಕೊಂಡರೆ ಪಂಪಿನ ಸ್ಟಾರ್ಟರ್ ಮುಟ್ಟಿದರೂ ಕರೆಂಟು ಹೊಡೆಯುವುದಿಲ್ಲ ಎಂಬುದು ಒಂದು. ವಿದ್ಯುತ್ ಕೆಲಸಕ್ಕೆಂದೇ ಪರೀಕ್ಷಿಸಿ ಗುರುತು ಹಾಕಿದ ಬೂಟುಗಳು ಬೇರೆ. ಒಳಗೆ ಒದ್ದೆಯಾದ, ಎಲ್ಲಿಯೋ ಸಣ್ಣ ತೂತಾದ ಹೊಲದ ಬೂಟು ಆ ಕೆಲಸಕ್ಕೆ ಬರುವುದಿಲ್ಲ. ಎರಡನೆಯದು, ಉದ್ದನೆಯ ಬೂಟಿದ್ದರೆ ಹಳ್ಳ ದಾಟಬಹುದು ಎಂಬುದು. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದ್ದನ್ನು ಕಂಡವರಿಗೆ ಹರಿಯುವ ನೀರಿನ ಬಲ ಗೊತ್ತು. ಬೂಟಿನ ಅಂಚನ್ನು ದಾಟಿ ನೀರು ಒಳಗೆ ತುಂಬಿತೆಂದರೆ ಕಾಲು ಕಲ್ಲು ಕಟ್ಟಿದಂತಾಗುತ್ತದೆ.

ಈಗ ರಿಯಾಯಿತಿಯನ್ನೇ ನೋಡೋಣ. ಅಂಗಡಿಯವರು ಬೆಲೆ ಇಳಿಸಲು ಸಾಮಾನ್ಯವಾಗಿ ಮೂರು ನಾಲ್ಕು ಕಾರಣಗಳಿರುತ್ತವೆ. ಹಿಂಗಾರು ಮುಗಿದ ಮೇಲೆ ಉಳಿದ ಸರಕನ್ನು ಕಳೆಯಲು ಇಳಿಸುವ ಬೆಲೆ ಪ್ರಾಮಾಣಿಕವಾದದ್ದು. ನವೆಂಬರ್‌ನಲ್ಲಿ ಆ ವರ್ಷವೇ ತಯಾರಾದ ಬೂಟನ್ನು ಕೊಂಡು ಮನೆಯ ತಂಪಾದ ಮೂಲೆಯಲ್ಲಿ ಇಟ್ಟುಕೊಂಡರೆ ಕಾರಹುಣ್ಣಿಮೆಯ ಹೊತ್ತಿನ ಗಡಿಬಿಡಿಯೂ ತಪ್ಪುತ್ತದೆ. ನಂಬರುಗಳು ಒಡೆದುಹೋದ ಸರಕೂ ಒಳ್ಳೆಯದೇ, ನಿಮ್ಮ ನಂಬರು ಅದರಲ್ಲಿದ್ದರೆ. ಅಚ್ಚಿನಲ್ಲಿ ದೋಷವಿರುವ ಸೆಕೆಂಡ್ಸ್ ಮಾಲಿನಲ್ಲಿ ಬಣ್ಣದ ಕಲೆಯಿದ್ದರೆ ಚಿಂತೆಯಿಲ್ಲ, ಅಟ್ಟೆ ಮತ್ತು ಮೇಲ್ಭಾಗ ಕೂಡುವ ಗೆರೆಯಲ್ಲಿ ಗುಳ್ಳೆಯಿದ್ದರೆ ಬಿಟ್ಟುಬಿಡಬೇಕು. ಅಂಗಡಿಯ ಒಳಮೂಲೆಯ ಕತ್ತಲಲ್ಲಿ ಬೂಟಿನೊಳಗೆ ಮೊಬೈಲಿನ ಬೆಳಕನ್ನು ಹಾಕಿ ಹೊರಗಿನಿಂದ ನೋಡಿದರೆ ಸೂಜಿಮೊನೆಯಷ್ಟು ತೂತಿದ್ದರೂ ಚುಕ್ಕಿಯಂತೆ ಹೊಳೆಯುತ್ತದೆ. ನಾಲ್ಕನೆಯದು ಹಳೆಯ ಸರಕು, ಅದರ ಕಥೆಯನ್ನು ಮೊದಲೇ ಹೇಳಿದ್ದೇನೆ.

ಮುದ್ರಿತ ಬೆಲೆಯ ಬಗ್ಗೆ ಇನ್ನೂ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗಳ ಮೇಲಿನ ಜಿಎಸ್‌ಟಿ ಶೇಕಡಾ 5ಕ್ಕೆ ಇಳಿದಿದೆ. ಅದಕ್ಕೆ ಮುಂಚೆ 1,000 ರೂಪಾಯಿವರೆಗೆ ಶೇಕಡಾ 12, ಅದರ ಮೇಲೆ ಶೇಕಡಾ 18 ಇತ್ತು. ಅಂದರೆ ಅದಕ್ಕಿಂತ ಹಿಂದೆ ಎಂ.ಆರ್.ಪಿ. ಅಚ್ಚಾದ ಬೂಟಿನ ಬೆಲೆಯಲ್ಲಿ ಹಳೆಯ ತೆರಿಗೆ ಸೇರಿರುತ್ತದೆ, ಮತ್ತು ತೆರಿಗೆ ಇಳಿದ ಲೆಕ್ಕದಿಂದಲೇ ಮೊದಲ ಬಗೆಯ ಬೂಟಿಗೆ ಶೇಕಡಾ 6ರಷ್ಟು, ಎರಡನೆಯದಕ್ಕೆ ಶೇಕಡಾ 11ರಷ್ಟು ಬೆಲೆ ಇಳಿಯಬೇಕು. ಶೇಕಡಾ 10 ರಿಯಾಯಿತಿ ಎಂಬ ಚೀಟಿಯನ್ನು ಈ ಎರಡನೆಯ ಬಗೆಯ ಬೂಟಿನ ಮೇಲೆ ಕಂಡರೆ ಅದನ್ನು ರಿಯಾಯಿತಿಯೆಂದು ಎಣಿಸಬೇಡಿ. ಎಂ.ಆರ್.ಪಿ.ಯಲ್ಲಿ ಎಲ್ಲ ತೆರಿಗೆಗಳೂ ಸೇರಿರುವುದರಿಂದ ಅದರ ಮೇಲೆ ಪ್ರತ್ಯೇಕವಾಗಿ ಜಿಎಸ್‌ಟಿ ಕೇಳುವಂತೆಯೂ ಇಲ್ಲ. ತಯಾರಾದ ತಿಂಗಳು, ವರ್ಷ, ತಯಾರಕರ ಹೆಸರು ವಿಳಾಸ ಡಬ್ಬಿಯ ಮೇಲೆ ಇರಲೇಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಹೇಳುತ್ತವೆ. ಡಬ್ಬಿಯಿಲ್ಲದೆ ಬರೀ ಬೂಟು ಕೊಟ್ಟರೆ ಡಬ್ಬಿಯನ್ನು ಕೇಳಿ ನೋಡಬೇಕು.

ಬಿಲ್ಲನ್ನು ಬಿಡಬಾರದು. ಒಮ್ಮೆ ಮಾರಿದ ಮಾಲು ವಾಪಸ್ಸಿಲ್ಲ ಎಂಬ ಹಲಗೆಯನ್ನು ಕಂಡು ನಮ್ಮವರು ಸುಮ್ಮನಾಗುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಬರೆದಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದೂ ಹಾಗೆಯೇ. ರಿಯಾಯಿತಿಯಲ್ಲಿ ಕೊಂಡದ್ದೆಂಬ ಕಾರಣಕ್ಕೆ ಈ ಹಕ್ಕು ಹೋಗುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ನನ್ನ ಸೀಳಿದ ಬೂಟಿಗೆ ಬಿಲ್ಲಿರಲಿಲ್ಲ, ಆದ್ದರಿಂದ ಅಂಗಡಿಗೆ ಮರಳಿ ಹೋಗಿ ಕೇಳುವ ಧೈರ್ಯವೂ ಬರಲಿಲ್ಲ. ಕೊಂಡು ತಂದ ದಿನವೇ ಎರಡೂ ಬೂಟುಗಳಲ್ಲಿ ಅಂಚಿನವರೆಗೆ ನೀರು ತುಂಬಿ ಒಣ ಫರ್ಸಿಯ ಮೇಲೆ ಒಂದು ತಾಸು ನಿಲ್ಲಿಸಿ ನೋಡಿದರೆ, ಮರಳಿಸಬೇಕಾದ ಬೂಟು ಆ ದಿನವೇ ಗೊತ್ತಾಗುತ್ತದೆ.

ಸಂಜೆ ಹೊಲದಿಂದ ಬಂದ ಮೇಲೆ ಬೂಟನ್ನು ತೊಳೆದು, ನೆರಳಿನಲ್ಲಿ ಎರಡು ಗೂಟಗಳ ಮೇಲೆ ತಲೆಕೆಳಗಾಗಿ ಇಡಬೇಕು. ಒಲೆಯ ಹತ್ತಿರ ಒಣಗಿಸಿದರೆ ಪಿವಿಸಿಯೂ ರಬ್ಬರೂ ಎರಡೂ ಕೆಡುತ್ತವೆ. ಬೆಳಿಗ್ಗೆ ತೊಡುವ ಮುಂಚೆ ನೆಲಕ್ಕೆ ಬಡಿದು ಝಾಡಿಸಲೇಬೇಕು. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರ ಪಂಚಮಿಯ ದಿನ ಜನ ಚೇಳುಗಳನ್ನು ಭಕ್ತಿಯಿಂದ ಕೈಮೇಲೆ ಬಿಟ್ಟುಕೊಳ್ಳುತ್ತಾರೆ, ಆದರೆ ಕತ್ತಲ ಬೂಟಿನ ತುದಿಯಲ್ಲಿ ಬೆರಳಿಗೆ ಒತ್ತಿದ ಚೇಳು ಕುಟುಕದೆ ಬಿಡುವುದಿಲ್ಲ. ಕಾಲ್ಚೀಲ ಹತ್ತಿಯದಿರಲಿ, ಎರಡು ಜೋಡಿ ಇರಲಿ. ಬೆರಳುಗಳ ಸಂದಿಯಲ್ಲಿ ಚರ್ಮ ಬಿಳುಪೇರಿ ಕೊಳೆಯತೊಡಗಿದರೆ ಒಂದೆರಡು ದಿನ ಬೂಟು ಬಿಟ್ಟು ಕಾಲನ್ನು ಒಣಗಿಸಬೇಕು. ಸಕ್ಕರೆ ಕಾಯಿಲೆ ಇರುವವರು ದಿನವೂ ಬೂಟು ಬಿಚ್ಚಿದ ಮೇಲೆ ಪಾದವನ್ನು ಕೆಳಗಿನಿಂದ ಕನ್ನಡಿಯಲ್ಲಿ ನೋಡಿಕೊಳ್ಳಬೇಕು.

ಕೊನೆಯದಾಗಿ, ನನಗೆ ಬಹಳ ದಿನಗಳಿಂದ ಬೇಸರವಿರುವ ಒಂದು ವಿಷಯ. ಕಳೆ ತೆಗೆಯುವವರಲ್ಲಿ, ಸದೆ ಕೀಳುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಆದರೆ ಅಂಗಡಿಗಳಲ್ಲಿ ತೂಗುವ ಗಂಬೂಟುಗಳು 7, 8, 9 ನಂಬರಿನವು. 4 ಅಥವಾ 5 ನಂಬರಿನ ಪಾದದವರು ಗಂಡಸರ ಹಳೆಯ ಬೂಟಿನೊಳಗೆ ಬಟ್ಟೆ ತುರುಕಿ ಹಾಕಿಕೊಳ್ಳುತ್ತಾರೆ, ಇಲ್ಲವೇ ಬರಿಗಾಲಿನಲ್ಲಿ ಹೋಗುತ್ತಾರೆ. ಅಳತೆಗಿಂತ ದೊಡ್ಡ ಬೂಟು ಎರೆಯಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಕಾಕಾನ ಮೊಣಕಾಲು ನಮಗೆ ಕಲಿಸಿದೆ. ಸಣ್ಣ ನಂಬರುಗಳನ್ನೂ ತಯಾರಿಸುತ್ತಾರೆ. ಯಾರೂ ಕೇಳುವುದಿಲ್ಲವೆಂದು ಅಂಗಡಿಯವರು ತರಿಸುವುದಿಲ್ಲ, ತರಿಸಿದ ಒಂದೆರಡು ಜೋಡಿ ಮೂಲೆಯ ಡಬ್ಬಿಯಲ್ಲಿ ಉಳಿದು ಕೊನೆಗೆ ರಿಯಾಯಿತಿಗೆ ಬರುತ್ತವೆ. ಹೋದ ವರ್ಷ ಅವ್ವನಿಗೆ 5 ನಂಬರಿನ, 11 ಇಂಚಿನ ರಬ್ಬರ್ ಬೂಟು ಸಿಕ್ಕಿದ್ದು ಅಂಥ ಒಂದು ಡಬ್ಬಿಯಲ್ಲಿಯೇ. ಮೇಲೆಲ್ಲ ಬೂದಿ ಪುಡಿ ಹಿಡಿದಿತ್ತು, ತಯಾರಾಗಿ ಒಂಬತ್ತು ತಿಂಗಳಾಗಿತ್ತು, ಮಡಿಕೆಯಲ್ಲಿ ಗೆರೆ ಬೀಳಲಿಲ್ಲ. ಅಂಗಡಿಯಾತ 900ರ ಬೂಟಿಗೆ 540 ಹೇಳಿದ. ನಾನು ಬಿಲ್ಲು ಬರೆಸಿಕೊಂಡೆ, ಮತ್ತು ಪಕ್ಕದ ಮನೆಯ ಇಬ್ಬರು ಅಕ್ಕಂದಿರಿಗೂ 4 ಮತ್ತು 5 ನಂಬರು ತರಿಸಿಕೊಡಲು ಅವನ ಪುಸ್ತಕದಲ್ಲಿ ಬರೆಸಿ ಬಂದೆ.